ಊರನ್ನು ಎಲ್ಲಿಯವರೆಗೆ ಅಳೆಯಬೇಕು? ಕೋಲಾರ ಸೀಮೆಯ ಸಾಕ್ಷ್ಯ

ದುಡಿಮೆಗೂ ಬಾಳುವೆಗೂ ತಕ್ಕ ಊರು ಯಾವುದು ಎಂಬುದಕ್ಕೆ ಈಗ ಅಂಕಿಗಳಲ್ಲಿ ಉತ್ತರ ಕೊಡುವ ರೂಢಿ. ಕೇಂದ್ರ ಸರ್ಕಾರದ ‘ಸುಗಮ ಜೀವನ ಸೂಚ್ಯಂಕ 2020’ 111 ನಗರಗಳನ್ನು ಅಳೆದು, ಹತ್ತು ಲಕ್ಷ ಜನಸಂಖ್ಯೆ ಮೀರಿದವುಗಳಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ ಕೊಟ್ಟಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಆ ಪಟ್ಟಿಯಲ್ಲಿಲ್ಲ. ನನ್ನ ತಕರಾರು ಅದಲ್ಲ. ಊರಿನ ಗುಣವೆಲ್ಲ ಅದರ ಗಡಿಕಲ್ಲಿನೊಳಗೇ ಸಿಗುತ್ತದೆಂಬ ಎಣಿಕೆಯೇ ಇಲ್ಲಿಗೆ ಒಗ್ಗುವುದಿಲ್ಲ.

ಮಾಲೂರಿನ ಹೆಂಚು-ಇಟ್ಟಿಗೆ, ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ ಮಂಡಿ, ಮುಳಬಾಗಿಲಿನ ಹೆದ್ದಾರಿ ವ್ಯಾಪಾರ ಎಲ್ಲರೂ ಬಲ್ಲ ಸಂಗತಿ. ಆದರೆ ಹೋಂಡಾ ಕಾರ್ಖಾನೆಯಾಗಲಿ, 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂದ ಐಫೋನ್ ಘಟಕವಾಗಲಿ ಈ ನಾಲ್ಕು ಪಟ್ಟಣಗಳ ಯಾವುದರೊಳಗೂ ಇಲ್ಲ, ಅವಿರುವುದು ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ. ನೀರಿನ ಕಥೆಯೂ ಅಷ್ಟೆ. 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರು ಬಳಸಿ ಬಿಟ್ಟ, ಎರಡು ಹಂತ ಶುದ್ಧೀಕರಿಸಿದ ಕೊಳಚೆ ನೀರು. ಕೆರೆ ತುಂಬಿತು, ಅಂತರ್ಜಲ ಏರಿತು ಎನ್ನುವವರೂ ಮೂರನೇ ಹಂತದ ಶುದ್ಧೀಕರಣ ಬೇಕೆನ್ನುವವರೂ ಇಲ್ಲಿ ಅಕ್ಕಪಕ್ಕದ ಹೊಲದವರೇ. ಈ ನೀರನ್ನು ಯಾವ ನಗರದ ಖಾತೆಗೆ ಬರೆಯುವುದು?

ಊರಿನ ಗುಣ ಗಡಿಯೊಳಗೇ ಇದೆಯೇ ಎಂಬ ಪ್ರಶ್ನೆಯನ್ನು ಒರೆಗೆ ಹಚ್ಚಲು ಚಿನ್ನದ ಗಣಿಯ ಊರಾದ ಕೆಜಿಎಫ್‌ಗಿಂತ (ಕೋಲಾರ ಗೋಲ್ಡ್ ಫೀಲ್ಡ್ಸ್) ಒಳ್ಳೆಯ ಸಾಕ್ಷ್ಯವಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಅಲ್ಲಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದು ಸೂಚ್ಯಂಕವೊಂದು ಇದ್ದಿದ್ದರೆ ಗಣಿಪಟ್ಟಣ ಮೇಲಿನ ಸಾಲಿನಲ್ಲೇ ಇರುತ್ತಿತ್ತು, ಬಂಗಲೆಗೂ ಕೂಲಿಕಾರರ ತಟ್ಟಿಮನೆಗೂ ಸರಾಸರಿ ಕಟ್ಟಿ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆಮೇಲೆ ಊರಿಗೆ ಆಸರೆಯಾದದ್ದು ಗಣಿಯ ಆಸ್ಪತ್ರೆಯಲ್ಲ, ಕ್ಲಬ್ಬಲ್ಲ. 1894ರಲ್ಲಿ ಗಣಿಗೆಂದೇ ಹಾಕಿದ ಮಾರಿಕುಪ್ಪಂ ರೈಲುದಾರಿ. ಗಣಿ ಕಾರ್ಮಿಕರ ಮಕ್ಕಳು ಅದೇ ಹಳಿಯ ಮೇಲೆ ಬೆಂಗಳೂರಿಗೆ ‘ಅಪ್ ಅಂಡ್ ಡೌನ್’ ಮಾಡಿ ಮನೆ ನಡೆಸಿದರು.

ಹಾಗಾಗಿ, ಕನಿಷ್ಠ ಈ ಸೀಮೆಯ ಮಟ್ಟಿಗೆ, ಊರಿನೊಳಗೆ ಏನಿದೆ ಎಂಬುದಕ್ಕಿಂತ ಊರಿಂದ ಹೊರಡುವ ದಾರಿಗಳೆಷ್ಟು ಎಂಬುದು ಹೆಚ್ಚು ತೂಗುತ್ತದೆ ಎಂದು ನನಗನಿಸುತ್ತದೆ. ಒಂದೇ ನಿದರ್ಶನದ ಮೇಲೆ ನಿಂತ ಮಾತಿದು. ಇದಕ್ಕೆ ಮಿತಿ ಹಾಕಬೇಕು. ದಾರಿಯೂ ಬೆಲೆ ಕೇಳುತ್ತದೆ: ದಿನದ ನಾಲ್ಕೈದು ಗಂಟೆ ಪಯಣಕ್ಕೇ ಸವೆದರೆ ಅದನ್ನು ಸುಗಮ ಜೀವನ ಎನ್ನಲಾಗದು. ವಯಸ್ಸಾದವರಿಗೆ, ಎಳೆಮಕ್ಕಳ ತಾಯಂದಿರಿಗೆ ರೈಲು ಇದ್ದೂ ಇಲ್ಲದಂತೆ. ರೈಲೇ ಇಲ್ಲದ ಮುಳಬಾಗಿಲು ಹೆದ್ದಾರಿಯೊಂದರಿಂದಲೇ ಬದುಕಿರುವುದೂ ನನ್ನ ವಾದವನ್ನು ಪೂರ್ತಿ ಅಲ್ಲಗಳೆಯದಿದ್ದರೂ ತಿದ್ದುತ್ತದೆ. ಮಾವಿನ ಒಂದೇ ಬೆಳೆಯನ್ನು ನೆಚ್ಚಿದ ಶ್ರೀನಿವಾಸಪುರಕ್ಕೆ ಕೋಲಾರ–ಚಿಕ್ಕಬಳ್ಳಾಪುರ ರೈಲು ಅಂಥ ದಾರಿಯಾದೀತೆ, ಅಥವಾ ನರಸಾಪುರದ ಕಂಪನಿ ಬಸ್ಸೇ ಆ ಕೆಲಸ ಮಾಡೀತೆ ಎಂಬುದನ್ನು ಮನೆಮನೆ ಸಮೀಕ್ಷೆಯಷ್ಟೇ ಹೇಳಬೇಕು.