ಗುಮ್ಮ ಯಾರ ಕೈಯಲ್ಲಿ? ಕಲಬುರಗಿ–ಕಮಲಾಪುರದ ಹಿನ್ನೆಲೆಯಲ್ಲಿ ಮಕ್ಕಳ ಆಟ–ಕತೆ ಚಿಕಿತ್ಸೆ

ಮಕ್ಕಳನ್ನು ಸುಮ್ಮನಿರಿಸಲು ಕನ್ನಡದ ಮನೆಗಳು ತಲೆತಲಾಂತರದಿಂದ ಗುಮ್ಮನನ್ನು ಕರೆಯುತ್ತ ಬಂದಿವೆ. ಪುರಂದರದಾಸರ ಹೆಸರಾಂತ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಗೆ ಅಂಗಲಾಚುತ್ತಾನೆ. ಉಣ್ಣುತ್ತೇನೆ, ಅಳುವುದಿಲ್ಲ ಎಂದು ಒಂದೊಂದಾಗಿ ಮಾತು ಕೊಡುತ್ತಾನೆ. ಹಾಡು ಮುಗಿದರೂ ಗುಮ್ಮ ಬರುವುದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಕರೆಯುವ ಅಧಿಕಾರ ತಾಯಿಯ ಬಳಿ ಇದೆ ಎಂಬುದು ಮಗುವಿಗೆ ಗೊತ್ತಿದ್ದರೆ ಸಾಕು. ಕಲಬುರಗಿ ಸೀಮೆಯಲ್ಲಿ ಈ ಅಧಿಕಾರ ಇವತ್ತು ಬೇರೆ ವೇಷ ತೊಟ್ಟಿದೆ. ಉಣ್ಣದ ಕೂಸಿಗೆ “ಪೊಲೀಸ್ರು ಬಂದ್ರ ನೋಡು” ಎನ್ನುತ್ತಾರೆ. ಹಟ ಹಿಡಿದರೆ “ಡಾಕ್ಟರ್ ಕಡಿ ಒಯ್ದು ಸೂಜಿ ಮಾಡಸ್ತೀನಿ” ಎನ್ನುತ್ತಾರೆ. ಹೀಗಾಗಿ ಮಗುವಿನ ಹೆದರಿಕೆಗೆ ಮದ್ದು ಕೊಡಬೇಕಾದವರು ಆ ಮಗುವಿನ ಕಣ್ಣಿಗೆ ಮೊದಲ ದಿನವೇ ಗುಮ್ಮನ ಪೈಕಿಯವರಾಗಿ ಕಾಣುತ್ತಾರೆ. ಆಟ ಮತ್ತು ಕತೆಗಳ ಮೂಲಕ ಮಕ್ಕಳ ಮನಸ್ಸಿಗೆ ನೆರವಾಗುವ ವಿಧಾನವನ್ನು ಈ ಸೀಮೆಗೆ ತರಬಯಸುವವರು ಇಲ್ಲಿಂದಲೇ ಶುರು ಮಾಡಬೇಕು ಎಂಬುದು ಈ ಲೇಖನದ ನಿಲುವು. ಕತೆ ಕೆಲಸ ಮಾಡುತ್ತದೆಯೇ ಎಂದು ಕೇಳುವ ಮೊದಲು ಕತೆಯೊಳಗಿನ ಗುಮ್ಮ ಯಾರ ಕೈಯಲ್ಲಿದ್ದಾನೆ ಎಂದು ಕೇಳಬೇಕು.

ಆಟದ ಚಿಕಿತ್ಸೆಗೆ ಉದ್ದನೆಯ ಇತಿಹಾಸವಿದೆ. ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಆಟವನ್ನೇ ಮಗುವಿನ ಮಾತೆಂದು ಹಿಡಿದು ಪುಸ್ತಕ ಬರೆದರು. ರಿಚರ್ಡ್ ಗಾರ್ಡ್‌ನರ್ 1970ರ ಹೊತ್ತಿಗೆ ಮಗು ಕಟ್ಟಿದ ಕತೆಗೆ ವೈದ್ಯನು ಮರುಕತೆ ಹೇಳುವ ಕ್ರಮ ರೂಪಿಸಿದರು. ನಮ್ಮ ಚರ್ಚೆಗೆ ಹೆಚ್ಚು ಹತ್ತಿರದವರು ಇವರ ನಂತರದ ಇಬ್ಬರು: ಆಸ್ಟ್ರೇಲಿಯಾದ ಅಡಿಲೇಡ್‌ನ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್ಸ್‌ಟನ್. ಬಟ್ಟೆಯಲ್ಲೇ ಮಲ ಮಾಡಿಕೊಳ್ಳುವ ಮಕ್ಕಳ ಬಗ್ಗೆ ವೈಟ್ 1984ರಲ್ಲಿ ಬರೆದ ಲೇಖನದಿಂದ ಈ ದಾರಿ ತೆರೆಯಿತು. ಮಗುವನ್ನು ‘ಗಲೀಜು ಹುಡುಗ’ ಎಂದು ನೋಡುವ ಬದಲು ಮಲಕ್ಕೇ ಒಂದು ಕಳ್ಳ ಸ್ವಭಾವ ಕಟ್ಟಿ, ಹೆಸರಿಟ್ಟು, ಅದು ಯಾವಾಗ ಬರುತ್ತದೆ, ಮನೆಯಲ್ಲಿ ಯಾರ್ಯಾರ ನಡುವೆ ಜಗಳ ತಂದಿಡುತ್ತದೆ, ಯಾವಾಗ ಸೋಲುತ್ತದೆ ಎಂದು ಇಡೀ ಕುಟುಂಬವನ್ನು ಕೇಳುವುದು. 1990ರಲ್ಲಿ ಇಬ್ಬರೂ ಸೇರಿ ಬರೆದ ಪುಸ್ತಕ, 1997ರಲ್ಲಿ ಜೆನಿಫರ್ ಫ್ರೀಮನ್, ಎಪ್ಸ್‌ಟನ್, ಡೀನ್ ಲೊಬೊವಿಟ್ಸ್ ಮಕ್ಕಳ ಚಿಕಿತ್ಸೆಯ ಬಗ್ಗೆಯೇ ಬರೆದ ಪುಸ್ತಕ ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದವು. ತೊಂದರೆ ಬೇರೆ, ಮಗು ಬೇರೆ. ಮಗು ಮತ್ತು ಮನೆಯವರು ಒಂದು ಪಕ್ಷ, ತೊಂದರೆ ಇನ್ನೊಂದು ಪಕ್ಷ. ಸೂತ್ರ ಇಷ್ಟೇ.

ಕಲಬುರಗಿಯಲ್ಲಿ ನಿಂತು ನೋಡಿದರೆ ಈ ಸೂತ್ರದಲ್ಲಿ ಹೊಸತೇನಿದೆ ಎಂಬ ಪ್ರಶ್ನೆ ಏಳುತ್ತದೆ. ತೊಂದರೆ ಮಗುವಿನ ಹೊರಗಿನದು ಎಂದು ಇಲ್ಲಿನ ಕುಟುಂಬಗಳು ಮೊದಲಿನಿಂದಲೂ ನಂಬಿವೆ. ಮಗು ಬೆಚ್ಚಿಬಿದ್ದರೆ ಗಾಳಿ ಸೋಕಿದೆ, ಊಟ ಬಿಟ್ಟರೆ ದೃಷ್ಟಿ ಆಗಿದೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಗಾಳಿ ಮೆಟ್ಟಿದವರೆಂದು ಕರೆತಂದ ಜನ ಕೂಗಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಗರದ ದರ್ಗಾ, ಗುಡಿಗಳಲ್ಲಿ ತಾಯತ, ದಾರ, ಅಂಗಾರ ಪಡೆಯುವ ತಾಯಂದಿರಲ್ಲಿ ಹಿಂದೂ–ಮುಸ್ಲಿಂ ಎಂಬ ಗೆರೆಯೂ ಅಷ್ಟು ಗಟ್ಟಿಯಾಗಿಲ್ಲ. ಇದನ್ನೆಲ್ಲ ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ವೈದ್ಯನು ಆ ಕುಟುಂಬವನ್ನು ಎರಡನೇ ಸಲ ಕಾಣುವುದಿಲ್ಲ. ಆದರೆ ಹೊರಗಿನದೆಂದು ನಂಬಿದ ಮಾತ್ರಕ್ಕೆ ಮಗು ಹಗುರಾಗುವುದೂ ಇಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಮಗ್ಗುಲಿನ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದ ಚಿತ್ರಗಳು ದೇಶವೆಲ್ಲ ಹರಡಿದವು. ಹೂಳಿದವರು ಕ್ರೂರಿಗಳಲ್ಲ; ಆಸ್ಪತ್ರೆ ಅಲೆದು ಸೋತ ತಂದೆತಾಯಿಗೆ ಗ್ರಹಣದ ಮಣ್ಣು ಗುಣ ಮಾಡುತ್ತದೆ ಎಂಬ ಕತೆಯೊಂದೇ ಉಳಿದಿತ್ತು. ಆ ಕತೆಯಲ್ಲಿ ರೋಗವಿದೆ, ಗ್ರಹಣವಿದೆ, ಮಣ್ಣಿದೆ. ಮಗುವಿಗೆ ಮಾತ್ರ ಒಂದು ಮಾತೂ ಇಲ್ಲ.

ವ್ಯತ್ಯಾಸ ಇರುವುದು ಇಲ್ಲಿ. ಗಾಳಿ ಬಿಡಿಸುವ ಕ್ರಮದಲ್ಲಿ ಹೊರಗಿನದರ ಹೆಸರನ್ನು ದೊಡ್ಡವರು ಹೇಳುತ್ತಾರೆ, ದೊಡ್ಡವರೇ ಓಡಿಸುತ್ತಾರೆ. ವೈಟ್‌ರ ಕ್ರಮದಲ್ಲಿ ಹೆಸರಿಡುವುದೂ ಮಗು, ಸೋಲಿಸುವುದೂ ಮಗು. ಅದಕ್ಕಿಂತ ಮುಖ್ಯವಾಗಿ, ಎರಡನೆಯದರಲ್ಲಿ ನಗುವಿದೆ. ಆದ್ದರಿಂದ ಈ ಸೀಮೆಯಲ್ಲಿ ಹೆದರಿಕೆಗೆ ರೂಪ ಕೊಡುವಾಗ ಭೂತ, ದೆವ್ವ, ರಾಕ್ಷಸರ ಚಿತ್ರಗಳನ್ನು ದೂರವಿಡಬೇಕು. ಪಾಶ್ಚಾತ್ಯ ಪುಸ್ತಕಗಳು ಧಾರಾಳವಾಗಿ ಬಳಸುವ ದೈತ್ಯರು ಅಲ್ಲಿನ ಮಗುವಿಗೆ ಕಾರ್ಟೂನು. ಗಾಣಗಾಪುರ ಕಂಡು ಬಂದ ಮಗುವಿಗೆ ಹಾಗಲ್ಲ. “ನಿನ್ನ ಹೆದರಿಕೆ ಒಂದು ದೆವ್ವ ಅಂದ್ಕೋ” ಎಂದು ಸಮಾಲೋಚಕಿ ಹೇಳಿದರೆ, ಬಾಗಿಲಲ್ಲಿ ಕೂತ ಆಯಿ (ಅಜ್ಜಿ) ಸಂಜೆಯೊಳಗೆ ನಿಂಬೆಹಣ್ಣು ತರಿಸಿರುತ್ತಾಳೆ.

ಒಂದು ಕಲ್ಪಿತ ಸನ್ನಿವೇಶ ಇಟ್ಟುಕೊಂಡು ನೋಡೋಣ. ಕಮಲಾಪುರದ ಎಂಟು ವರ್ಷದ ಹುಡುಗ. ಅಪ್ಪ–ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಹುಡುಗ ಆಯಿಯ ಬಳಿ ಇದ್ದಾನೆ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇಲ್ಲವೆಂದು ವೈದ್ಯರು ನೋಡಿಯಾಗಿದೆ. ಇದಕ್ಕೊಂದು ಹೆಸರಿಡು ಎಂದಾಗ ಹುಡುಗ ಸ್ವಲ್ಪ ಹೊತ್ತು ಯೋಚಿಸಿ “ರಾತ್ರಿ ನಳ” ಅನ್ನುತ್ತಾನೆ. ಆಯಿ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ: “ಊರಾಗ ಬರಲಾರದ ನಳ ನಮ್ ಮನ್ಯಾಗೇ ಬರ್ತದ ನೋಡ್ರಿ!” ಅಲ್ಲಿಯವರೆಗೆ ಬೈಗುಳವಾಗಿದ್ದ ವಿಷಯ ಈ ನಗೆಯಲ್ಲಿ ಮೊದಲ ಬಾರಿಗೆ ಇಬ್ಬರದೂ ಆಗುತ್ತದೆ. ಮುಂದಿನದು ಕೇಳುವ ಕೆಲಸ.

“ನಳ ಯಾವಾಗ ಬರ್ತದ?”

“ಕರೆಂಟ್ ಹೋದಾಗ.”

“ನಿನಗ ಏನಂತದ?”

“ಹೊರಗ ಕತ್ತಲಿ ಅದ, ಏಳಬ್ಯಾಡ ಅಂತದ.”

“ಒಂದಿನಾನೂ ಬರಲಾರದ ರಾತ್ರಿ ಇಲ್ಲೇನು?”

“ಆಯಿ ಕೆಮ್ಮಿದ್ರ ಬರಂಗಿಲ್ಲ.”

ಚಿಕಿತ್ಸೆಯ ದೃಷ್ಟಿಯಿಂದ ಈ ಕೊನೆಯ ಉತ್ತರವೇ ಇಡೀ ಭೇಟಿಯ ಗಳಿಕೆ. ಆಯಿ ಎಚ್ಚರಾಗಿದ್ದಾಳೆ ಎಂದು ಗೊತ್ತಾದರೆ ಹುಡುಗ ಎದ್ದು ಹೊರಗೆ ಹೋಗಬಲ್ಲ. ತೊಂದರೆಯ ಕತೆಗೆ ಒಗ್ಗದ ಇಂಥ ಘಟನೆಗಳನ್ನು ಹುಡುಕಿ ಅವುಗಳ ಸುತ್ತ ಬೇರೆ ಕತೆ ಕಟ್ಟುವುದೇ ವೈಟ್–ಎಪ್ಸ್‌ಟನ್ ಪದ್ಧತಿಯ ಕಸುಬು. ಇಲ್ಲಿಂದ ಮುಂದೆ ಆಯಿಯ ಕೆಮ್ಮು, ದಿಂಬಿನ ಬಳಿ ಒಂದು ಬ್ಯಾಟರಿ, ಮಲಗುವ ಮುನ್ನ ಒಮ್ಮೆ ಹೊರಗೆ ಹೋಗಿ ಬರುವುದು ಎಲ್ಲವೂ ನಳ ಬಂದ್ ಮಾಡುವ ಆಟದ ಭಾಗವಾಗುತ್ತವೆ. ಐದು ವರ್ಷದೊಳಗೆ ಹಾಸಿಗೆ ಒದ್ದೆ ಮಾಡುವುದನ್ನು ವೈದ್ಯಶಾಸ್ತ್ರ ಕಾಯಿಲೆ ಎಂದು ಎಣಿಸುವುದೇ ಇಲ್ಲ, ಆಮೇಲೂ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ನಿಲ್ಲುತ್ತದೆ ಎಂಬ ಮಾತನ್ನೂ ಆಯಿಗೆ ಹೇಳಬೇಕು. ನಿಂತದ್ದರ ಯಶಸ್ಸನ್ನು ಕತೆಯೊಂದರ ಲೆಕ್ಕಕ್ಕೇ ಬರೆದುಕೊಳ್ಳುವ ಆಸೆ ಚಿಕಿತ್ಸಕರಿಗೆ ಬಾರದಿರಲೆಂದು ಇದನ್ನು ಹೇಳುತ್ತಿದ್ದೇನೆ.

ಕುಟುಂಬ ಏಕೆ ಬೇಕು ಎಂಬುದಕ್ಕೆ ಸಿದ್ಧಾಂತವನ್ನು ಹೊರಗೆ ಹುಡುಕಬೇಕಾಗಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಒಂದು ದಿನ ಅವಳ ಬಾಯಿಂದ ತಪ್ಪಿಸಿಕೊಂಡು ಹೊರಗೆ ಬಂದು ಚಪ್ಪಲಿ ಮತ್ತು ಅಂಗಿಯ ರೂಪ ತಾಳುತ್ತವೆ. ಮನೆಗೆ ಬಂದ ಗಂಡನಿಗೆ ಸಂಶಯ. ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಊರ ದೀಪಗಳ ಜ್ವಾಲೆಗಳೆಲ್ಲ ಅಲ್ಲಿ ಸೇರಿ ಹರಟುವಾಗ ನಿಜ ಹೊರಬೀಳುತ್ತದೆ. ಬೆಳಗ್ಗೆ ಗಂಡ ಬಂದು ಕೇಳಿದರೆ ಅವಳಿಗೆ ಕತೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ. ಗಿರೀಶ ಕಾರ್ನಾಡರು ‘ನಾಗಮಂಡಲ’ದ ಚೌಕಟ್ಟಿಗೆ ಬಳಸಿಕೊಂಡದ್ದು ಇದನ್ನೇ. ಹೇಳದೆ ಉಳಿದದ್ದು ಮನೆಯೊಳಗೆ ಬೇರೆ ಆಕಾರ ತಾಳಿ ಇನ್ನೊಬ್ಬರ ಮೇಲೆ ಅಪವಾದವಾಗುತ್ತದೆ ಎಂಬ ಒಳನೋಟ ಯಾವ ಕುಟುಂಬ ಚಿಕಿತ್ಸೆಯ ಪಠ್ಯಕ್ಕೂ ಕಡಿಮೆಯದಲ್ಲ. ದುಡಿಯಲು ಹೋದ ತಂದೆತಾಯಿ ಹಬ್ಬಕ್ಕೆ ಬಂದಾಗ ಮಾತಾಡದ ಮಗು, ‘ಸೊಕ್ಕು ಬಂದಾದ’ ಎಂದು ಏಟು ತಿನ್ನುವುದು ಇದೇ ಬಗೆಯದು.

ಅಂಕಿಗಳೂ ಈ ಕಡೆಗೇ ಬೊಟ್ಟು ಮಾಡುತ್ತವೆ. ಸೂ ಬ್ರ್ಯಾಟನ್ ಮತ್ತು ಸಂಗಡಿಗರು 2005ರಲ್ಲಿ ಆಟದ ಚಿಕಿತ್ಸೆಯ 93 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ ಪರಿಣಾಮದ ಪ್ರಮಾಣ 0.80 ಬಂತು, ತಂದೆತಾಯಿಗೇ ತರಬೇತಿ ಕೊಟ್ಟು ಅವರಿಂದಲೇ ಆಡಿಸಿದ ಕಡೆ ಫಲ ಇನ್ನೂ ಹೆಚ್ಚಿತ್ತು. ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಎಷ್ಟೋ ಹಳೆಯವು, ಚಿಕ್ಕವು ಎಂಬ ಟೀಕೆ ನ್ಯಾಯವಾದದ್ದೇ. ವೈಟ್–ಎಪ್ಸ್‌ಟನ್ ಪದ್ಧತಿಗೆ ಅಷ್ಟು ಆಧಾರವೂ ಇಲ್ಲ. ಅದರ ಬಲ ಇಂದಿಗೂ ಬಹುಮಟ್ಟಿಗೆ ಪ್ರಕರಣ ವರದಿಗಳಲ್ಲಿದೆ. ಇನ್ನು ತೊಂದರೆ ಎಷ್ಟು ಮಕ್ಕಳಿಗಿದೆ ಎಂಬ ಲೆಕ್ಕ: ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಸಮೀಕ್ಷೆಯ ಪೂರ್ವತಯಾರಿ ಕೋಲಾರದಲ್ಲಿ ನಡೆದರೂ ಅಂತಿಮ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ಆ ಅಂಕಿಯನ್ನು ಕಲಬುರಗಿಗೆ ಅಂಟಿಸುವಾಗ ಎಚ್ಚರ ಬೇಕು.

ಇನ್ನು ಯಾರು ಮಾಡಬೇಕು ಎಂಬ ಪ್ರಶ್ನೆ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಿಂದ ಹಿಡಿದು ಜಿಮ್ಸ್, ಇಎಸ್ಐಸಿ ಕಾಲೇಜುಗಳವರೆಗೆ ತಜ್ಞರೆಲ್ಲ ಕಲಬುರಗಿ ನಗರದಲ್ಲಿದ್ದಾರೆ. ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಹೊಸ ತಾಲೂಕು. ಅಲ್ಲಿಂದ ಮಗುವನ್ನು ಕರೆದುಕೊಂಡು ನಗರಕ್ಕೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1980ರ ದಶಕದಲ್ಲಿ ಮಾದರಿ ಒದಗಿಸಿದ್ದು ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿ. 1996ರಿಂದ ಅದು ದೇಶಕ್ಕೆ ಹಬ್ಬಿತು. ಆದರೆ ಅದರ ಒತ್ತು ತೀವ್ರ ಮನೋರೋಗ, ಮೂರ್ಛೆರೋಗಗಳ ಮೇಲಿತ್ತು. ಮಾತ್ರೆ ಹಳ್ಳಿಗೆ ತಲುಪಿದ ಹಾಗೆ ಮಗುವಿನ ಜೊತೆ ಕೂತು ಮಾತಾಡುವ ಕೌಶಲ ತಲುಪಲಿಲ್ಲ. ತಿಂಗಳಿಗೊಮ್ಮೆ ಬರುವ ಮನೋವೈದ್ಯರ ಮುಂದೆ ಸಾಲು ನಿಂತಾಗ ರಾತ್ರಿ ನಳದ ಕತೆ ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕಮಲಾಪುರದಲ್ಲಿ ಆಗಲೇ ಇರುವ ಜಾಗಗಳೆಂದರೆ ಅಂಗನವಾಡಿ ಮತ್ತು ನಲಿ–ಕಲಿ ಕೋಣೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ–ಕಲಿಯಲ್ಲಿ ಹಾಡು, ಕತೆ, ಮುಖವಾಡ ಪಾಠದ ಸಾಮಗ್ರಿಗಳೇ ಆಗಿವೆ. ಕಾಗಕ್ಕ–ಗುಬ್ಬಕ್ಕರ ಕತೆ ಕನ್ನಡ ಮಗುವಿಗೆ ಗೊತ್ತು. ಮರಾಠಿ ಮನೆಯಲ್ಲಿ ಅದೇ ಜೋಡಿ ಚಿಊ–ಕಾಊ. ಉರ್ದು ಮಾತಾಡುವ ಮನೆಯಲ್ಲಿ ಅವೇ ಹಕ್ಕಿಗಳು ಖಿಚಡಿ ಬೇಯಿಸುತ್ತವೆ. ಮಳೆಯಲ್ಲಿ ನೆನೆಯುತ್ತ ಬಾಗಿಲು ಬಡಿಯುವ ಕಾಗೆಗೆ ಗುಬ್ಬಿ ಒಂದೊಂದೇ ನೆಪ ಹೇಳುವ ಜಾಗದಲ್ಲಿ ಶಿಕ್ಷಕಿ ಕತೆ ನಿಲ್ಲಿಸಿ “ಕಾಗಿಗ ಈಗ ಹ್ಯಾಂಗ ಅನಸ್ತದ?” ಎಂದು ಕೇಳಿದರೆ ಸಾಕು, ಯಾವ ಮಗುವಿನ ಬಾಗಿಲು ಮುಚ್ಚಿದೆ ಎಂಬ ಸುಳಿವು ಸಿಗಬಹುದು. ಸುಳಿವು ಮಾತ್ರ. ಶಿಕ್ಷಕಿ ಚಿಕಿತ್ಸಕಿಯಲ್ಲ, ಆಗಬೇಕಾಗಿಯೂ ಇಲ್ಲ. ಲಂಬಾಣಿ ತಾಂಡಾದ ಮಗು ಉತ್ತರವನ್ನು ತನ್ನ ಮನೆಮಾತಿನಲ್ಲಿ ಹೇಳಲು ಬಿಡುವ ತಾಳ್ಮೆ ಇದ್ದರೆ ಆಯಿತು.

ಕತೆಗೆ ದಾಟಬಾರದ ಗೆರೆಗಳೂ ಇವೆ. ಮೂರ್ಛೆ ಬರುವ ಮಗುವಿಗೆ ಔಷಧಿ ಮೊದಲು. ಮಾತು ಬಾರದ ಮಗುವಿಗೆ ಕಿವಿ ಪರೀಕ್ಷೆ ಮೊದಲು. ಆಟದ ನಡುವೆ ಲೈಂಗಿಕ ದೌರ್ಜನ್ಯದ ಮಾತು ಹೊರಬಿದ್ದರೆ ಆಟ ಅಲ್ಲಿಗೆ ನಿಲ್ಲಬೇಕು; 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಹಸಿವು, ಹೊಡೆತ, ಕುಡಿತ ಇರುವ ಮನೆಯಲ್ಲಿ ಮಗುವಿನ ಹೆದರಿಕೆಗೆ ತಮಾಷೆಯ ಹೆಸರಿಟ್ಟು ಕಳಿಸುವುದು ಕೆಟ್ಟ ಚಿಕಿತ್ಸೆ, ಏಕೆಂದರೆ ಅಲ್ಲಿ ಗುಮ್ಮ ಕಲ್ಪನೆಯವನಲ್ಲ.

ವೈಟ್ ಮತ್ತು ಎಪ್ಸ್‌ಟನ್ ತೊಂದರೆ ಗೆದ್ದ ಮಕ್ಕಳಿಗೆ ಪತ್ರ ಬರೆಯುತ್ತಿದ್ದರು, ಪ್ರಮಾಣಪತ್ರ ಕೊಡುತ್ತಿದ್ದರು. ಇದನ್ನು ಹಾಗೆಯೇ ಇಲ್ಲಿ ನಕಲು ಮಾಡುವುದು ಬೇಡ. ಒಂದೇ ಕೋಣೆಯ ಮನೆಯಲ್ಲಿ ಗೋಡೆಗೆ ಅಂಟಿಸಿದ ಪ್ರಮಾಣಪತ್ರವನ್ನು ಆಯಿಗೆ ಓದಿ ಹೇಳುವವನು ಪಕ್ಕದ ಮನೆಯ ಹುಡುಗ. ಮರುದಿನ ಶಾಲೆಯಲ್ಲಿ ‘ರಾತ್ರಿ ನಳ’ ಅಡ್ಡಹೆಸರಾಗಿರುತ್ತದೆ. ಅದರ ಬದಲು ಹುಡುಗನೇ ಆಯಿಯ ಮೊಬೈಲಿನಲ್ಲಿ ಪುಣೆಗೆ ಒಂದು ಧ್ವನಿಸಂದೇಶ ಕಳಿಸಲಿ. ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಅವನೇ ತೀರ್ಮಾನಿಸಲಿ. ನಳದ ಸುದ್ದಿಯನ್ನೇ ಎತ್ತದೆ “ಹಬ್ಬಕ್ಕ ಯಾವಾಗ ಬರ್ತಿ?” ಎಂದಷ್ಟೇ ಕೇಳಿದರೆ, ಮುಂದಿನ ಭೇಟಿಯಲ್ಲಿ ಮಾತು ಶುರುವಾಗಬೇಕಾದ್ದು ಆ ಪ್ರಶ್ನೆಯಿಂದ.