ಕಾರ್ಖಾನೆ ಕೈಬಿಟ್ಟ ಮೇಲೆ ರಾಜದೂತ್ 350

ಪುಣೆಯ ನಾನಾ ಪೇಠ್, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್, ಬೆಂಗಳೂರಿನ ಜೆ.ಸಿ. ರಸ್ತೆ. ಭಾಷೆ ಬೇರೆಯಾದರೂ ಈ ಬೀದಿಗಳ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ‘ಆರ್‌ಡಿ’ ಎಂಬ ಎರಡಕ್ಷರಕ್ಕೆ ಅರ್ಥ ಒಂದೇ. ಗಲ್ಲಾದಲ್ಲಿ ಕೂತವರು ಒಮ್ಮೆ ತಲೆಯೆತ್ತಿ ನೋಡುತ್ತಾರೆ, ‘ಎಚ್‌ಟಿನಾ, ಎಲ್‌ಟಿನಾ?’ ಎಂದು ಕೇಳುತ್ತಾರೆ. 1989ರ ಸುಮಾರಿಗೆ ತಯಾರಿಕೆ ನಿಂತುಹೋದ ಒಂದು ಮೋಟಾರ್‌ಸೈಕಲ್ಲಿನ ಬಗ್ಗೆ ಈ ಪ್ರಶ್ನೆ ಇನ್ನೂ ಹುಟ್ಟುತ್ತದೆ ಎಂಬುದೇ ಸೋಜಿಗ. ಮಾರುಕಟ್ಟೆಯಲ್ಲಿ ಅದು ಸೋತ ಗಾಡಿ.

ಜಪಾನಿನ ಯಮಹಾ 1973ರಲ್ಲಿ ಹೊರತಂದ ಆರ್‌ಡಿ 350 ಅದರ ಮೂಲ. 347 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಆರು ಗೇರು, 39 ಅಶ್ವಶಕ್ತಿ. ಸಿಲಿಂಡರಿಗೆ ಹೋಗುವ ಗಾಳಿ-ಪೆಟ್ರೋಲಿನ ಮಿಶ್ರಣ ಹಿಂದಕ್ಕೆ ಹರಿಯದಂತೆ ತಡೆಯಲು ರೀಡ್ ವಾಲ್ವ್ ಎಂಬ ತೆಳುವಾದ ಎಸಳುಗಳು. ಅಮೆರಿಕಕ್ಕೆ ಹೋದ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು. ಈ ಡಿಸ್ಕನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಡೀ ಕಥೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಹತ್ತು ವರ್ಷದ ನಂತರ, 1983ರಲ್ಲಿ, ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ ಇದೇ ಗಾಡಿಯನ್ನು ಪರವಾನಗಿ ಪಡೆದು ಇಲ್ಲಿ ಮಾಡಿತು. ಹೆಸರು ರಾಜದೂತ್ 350. ಅದುವರೆಗೆ ರಾಜದೂತ್ ಎಂದರೆ ಹಳ್ಳಿಯ ಹಾಲಿನ ಕ್ಯಾನು ಹೊರುವ 175 ಸಿಸಿ ಗಾಡಿ. ಅದೇ ಹೆಸರು ಹೊತ್ತ ಹೊಸದು 30.5 ಅಶ್ವಶಕ್ತಿಯದು. ಆಗಿನ ಬುಲೆಟ್ 350ಕ್ಕೆ ಇದ್ದದ್ದು 18ರ ಆಸುಪಾಸು. ಇಲ್ಲಿಯ ಜೇಬಿಗೂ ರಸ್ತೆಗೂ ಹೊಂದಿಸಲೆಂದು ಮೂಲದ ಶಕ್ತಿಯನ್ನು ಇಳಿಸಿದ್ದರು. 1985ರ ಹೊತ್ತಿಗೆ ಇನ್ನೂ ಇಳಿಸಿ 27ಕ್ಕೆ ತಂದರು. ಮೊದಲಿನದು ಎಚ್‌ಟಿ, ಅಂದರೆ ಹೈ ಟಾರ್ಕ್, ಎರಡನೆಯದು ಎಲ್‌ಟಿ. ಶಕ್ತಿ ಇಳಿಸಿದ್ದನ್ನು ಕ್ಷಮಿಸಬಹುದು. ಆದರೆ ಖರ್ಚು ಉಳಿಸಲು ಮುಂದಿನ ಡಿಸ್ಕ್ ತೆಗೆದು 7 ಅಂಗುಲದ ಡ್ರಮ್ ಬ್ರೇಕ್ ಹಾಕಿದರು. ಬುಲೆಟ್ಟನ್ನು ನಿಂತಲ್ಲೇ ಬಿಟ್ಟು ಹೋಗುವ ಗಾಡಿ, ನಿಲ್ಲಿಸಬೇಕಾದಾಗ ಡ್ರಮ್ಮು. ಆರ್‌ಡಿ ಎಂದರೆ ‘ರ‍್ಯಾಪಿಡ್ ಡೆತ್’ ಎಂದು ಕಾಲೇಜು ಹುಡುಗರು ಬಿಡಿಸಿ ಹೇಳುತ್ತಿದ್ದುದು ತಮಾಷೆಗಷ್ಟೇ ಅಲ್ಲ.

ಲೀಟರಿಗೆ 20–25 ಕಿಲೋಮೀಟರ್ ಕೊಡುವ ಗಾಡಿಗೆ ಅದು ತಕ್ಕ ಕಾಲವಾಗಿರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬುದು ಅದರ ಜಾಹೀರಾತು. ಅದೇ ವರ್ಷ ಎಸ್ಕಾರ್ಟ್ಸ್‌ನದೇ ಯಮಹಾ ಆರ್‌ಎಕ್ಸ್ 100 ಬಂತು. ಹಗುರ, ಚುರುಕು, ಅಗ್ಗ. ಮನೆಯೊಳಗಿನ ತಮ್ಮನೇ ಅಣ್ಣನ ಊಟ ಕಸಿದ ಹಾಗಾಯಿತು. ರಾಜದೂತ್ 350ರ ಬಿಡಿಭಾಗ ದುಬಾರಿ, ಅದರ ಮೈ ಅರಿತ ಮೆಕ್ಯಾನಿಕ್ಕುಗಳು ವಿರಳ. ಗಾಡಿಗಳು ಒಂದೊಂದಾಗಿ ಮನೆಯ ಹಿತ್ತಲಿಗೋ ಗೋಡೌನಿಗೋ ಸೇರಿದವು. ಕಾರ್ಖಾನೆಯ ಮಟ್ಟಿಗೆ ಕಥೆ ಮುಗಿಯಿತು.

ಅಲ್ಲಿಂದ ಮುಂದಿನದು ಮನೆಗಳ ಇತಿಹಾಸ.

ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಮೊದಲು ಸಾಯುವುದು ಆಯಿಲ್ ಸೀಲು. ಕ್ರ್ಯಾಂಕಿನ ತುದಿಯಲ್ಲಿ ಕೂತಿರುವ ಈ ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು, ಅದರ ಜೊತೆಗೆ ಎಣ್ಣೆಯ ಪಾಲೂ ಕಡಿಮೆಯಾಗುತ್ತದೆ. ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ‘ಸೀಜ್’ ಆಯಿತು ಎನ್ನುವುದು ಇದನ್ನೇ. ವೇಗದಲ್ಲಿರುವಾಗ ಹೀಗಾದರೆ ಹಿಂದಿನ ಚಕ್ರವೇ ಸ್ತಬ್ಧ. ಆದ್ದರಿಂದ ಹಳಬರ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ. ಗೇರ್‌ಪೆಟ್ಟಿಗೆಯ ಕಡೆಯ ಸೀಲು ಹೋಗಿದ್ದರೆ ಗೊತ್ತಾಗುವ ಬಗೆ ಬೇರೆ: ಎಂಜಿನ್ನು ಗೇರಿನ ಎಣ್ಣೆಯನ್ನೇ ಕುಡಿದು ಬೀದಿ ತುಂಬ ಬಿಳಿ ಹೊಗೆ ಬಿಡುತ್ತದೆ, ಅಕ್ಕಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಎಂಜಿನ್ ಇಳಿಸಿ ಬಿಚ್ಚುವುದು ಮನೆಯ ಪಾರ್ಕಿಂಗಿನಲ್ಲೇ ಆಗುವ ಕೆಲಸ. ಸೀಲು ಬದಲಿಸುವುದು, ಎರಡು ಕಾರ್ಬುರೇಟರನ್ನು ಒಂದೇ ತಾಳಕ್ಕೆ ತರುವುದು, ಪ್ಲಗ್ಗಿನ ತೂತಿಗೆ ಡಯಲ್ ಗೇಜ್ ಇಳಿಸಿ, ಪಿಸ್ಟನ್ ತುದಿ ಮುಟ್ಟಲು 2 ಮಿಲಿಮೀಟರ್ ಇರುವಾಗ ಕಿಡಿ ಹಾರುವಂತೆ ಪಾಯಿಂಟ್ ಹೊಂದಿಸುವುದು, ಇವೂ ಆಗುತ್ತವೆ. ಪಾಯಿಂಟಿನ ಕಾಟ ಬೇಡವೆಂದವರು ಎಲೆಕ್ಟ್ರಾನಿಕ್ ಇಗ್ನಿಶನ್ ಕೂಡಿಸಿಕೊಂಡರು. ಎಣ್ಣೆ ಪಂಪನ್ನು ನಂಬದವರು ಅದನ್ನು ಕಿತ್ತಿಟ್ಟು, ಪೆಟ್ರೋಲಿಗೇ ಅಳತೆ ಮಾಡಿ ಎಣ್ಣೆ ಬೆರೆಸಿದರು. ಆದರೆ ಕ್ರ್ಯಾಂಕ್ ಬಿಚ್ಚಿ ಕೂಡಿಸುವುದು ಮನೆಯಲ್ಲಾಗದು. ಒತ್ತಿ ಜೋಡಿಸಿದ ತುಂಡುಗಳನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಬೇರಿಂಗು ಹಾಕಿ, ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ನೇರ ಮಾಡಬೇಕು. ಅದಕ್ಕೆ ಲೇತಿನ ಹಿರಿಯರೇ ಬೇಕು. ಈ ಕೆಲಸದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿತ್ತು: ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಮಾಡಿದ್ದು ಟೂ-ಸ್ಟ್ರೋಕ್ ಗಾಡಿಗಳನ್ನು. ಜಾವಾ, ಯೆಜ್ಡಿಗಳ ಕ್ರ್ಯಾಂಕಿನಲ್ಲಿ ಪಳಗಿದ ಕೈಗೆ ಯಮಹಾದ್ದು ಪೂರ್ತಿ ಅಪರಿಚಿತವಲ್ಲ.

ಸಿಲಿಂಡರ್ ಸವೆದರೆ 0.25 ಮಿಲಿಮೀಟರಿನಷ್ಟು ಬೋರ್ ಹಿಗ್ಗಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುತ್ತಾರೆ. ಹೀಗೆ ಹಿಗ್ಗಿಸಲು ಒಂದು ಮಿತಿಯಿದೆ. ಆಮೇಲೆ ಹೊಸ ತೋಳು ಹೊಡೆಸಬೇಕು. ಪಿಸ್ಟನ್ನೇ ಸಿಗದಿದ್ದರೆ? ಈ ಎಂಜಿನ್ ಅಮೆರಿಕ, ಇಂಗ್ಲೆಂಡುಗಳಲ್ಲೂ ಓಡಿದ್ದರಿಂದ ಅಲ್ಲಿ ಸಿಗುತ್ತದೆ. ರಜೆಗೆ ಬರುವ ಭಾವನ ಸೂಟ್‌ಕೇಸಿನಲ್ಲಿ ಮಕ್ಕಳ ಚಾಕಲೇಟಿನ ಪಕ್ಕ ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟು ಬಂದಿಳಿದ ಮನೆಗಳು ಕಡಿಮೆಯಿಲ್ಲ.

ರಿಪೇರಿ ಎಲ್ಲಿ ಮುಗಿದು ಮಾರ್ಪಾಡು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಸೈಲೆನ್ಸರನ್ನೇ ನೋಡಿ. ತುಕ್ಕು ತಿಂದ ಮೂಲದ ಸೈಲೆನ್ಸರ್ ಸಿಗದಾದಾಗ ಹುಡುಗರು ತಗಡನ್ನು ಶಂಕುವಿನ ಆಕಾರಕ್ಕೆ ಸುತ್ತಿ, ಬೆಸುಗೆ ಹಾಕಿ, ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಶನ್ ಚೇಂಬರ್ ಮಾಡಿಕೊಂಡರು. ಹೊರಹೋಗುವ ಹೊಗೆಯ ಒತ್ತಡದ ಅಲೆ ಚೇಂಬರಿನ ಕಿರಿದಾದ ತುದಿಗೆ ತಾಗಿ ಹಿಂದಿರುಗಿ, ತಪ್ಪಿಸಿಕೊಳ್ಳುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮತ್ತೆ ತಳ್ಳುತ್ತದೆ. ಅಲೆ ಎಷ್ಟು ಹೊತ್ತಿಗೆ ಮರಳಬೇಕು ಎಂಬುದನ್ನು ಕೊಳವೆಯ ಉದ್ದ ತೀರ್ಮಾನಿಸುತ್ತದೆ. ಈ ವಿದ್ಯೆಯನ್ನು 1950ರ ದಶಕದಲ್ಲಿ ಹದಗೊಳಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿನಿಂದಲೇ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದರು. ಮರುವರ್ಷವೇ ಸುಜುಕಿಯ ಮೇಲೆ 50 ಸಿಸಿ ವಿಶ್ವಪ್ರಶಸ್ತಿ ಗೆದ್ದರು. ಹೀಗೆ ಶೀತಲಸಮರದ ಗಡಿ ದಾಟಿ ಜಪಾನಿಗೆ ಹೋದ ಗುಟ್ಟು, ಚೆನ್ನೈ ಹೊರವಲಯದ ಶೋಳಾವರಂ ರೇಸುಗಳ ಕಾಲಕ್ಕೆ ನಮ್ಮ ಬೀದಿಯ ವೆಲ್ಡರನ ಕೈಯಲ್ಲಿತ್ತು.

ಬ್ರೇಕಿನ ಪಾಳಿ ತಡವಾಗಿ ಬಂತು. 1999ರಲ್ಲಿ ಹೀರೋ ಹೋಂಡಾ ಸಿಬಿಜೆಡ್ ಮುಂದೆ ಡಿಸ್ಕ್ ಇಟ್ಟುಕೊಂಡು ಬಂತು. ಅದರ ಹಿಂದೆಯೇ ಬೇರೆಯವೂ ಬಂದವು. ಅಪಘಾತವಾದ ಅಂಥ ಬೈಕುಗಳು ಗುಜರಿ ಸೇರತೊಡಗಿದಾಗ ಆರ್‌ಡಿ ಇಟ್ಟುಕೊಂಡವರಿಗೆ ಹದಿನೈದು ವರ್ಷದ ಅಂಜಿಕೆ ಕಳೆಯುವ ದಾರಿ ಸಿಕ್ಕಿತು. ಫೋರ್ಕು, ಚಕ್ರ, ಡಿಸ್ಕ್ ಸಮೇತ ತಂದು ಹೊಂದಿಸಿದರು. ಗಾಡಿ ನಿಲ್ಲತೊಡಗಿತು.

ಈಗ ಇವರೇ ತಪ್ಪಿತಸ್ಥರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. 2021ರ ಕೇಂದ್ರದ ವಿಂಟೇಜ್ ನಿಯಮ ಮೊದಲ ನೋಂದಣಿಯಿಂದ 50 ವರ್ಷ ತುಂಬಿದ ಗಾಡಿಗಳಿಗೆ ಪ್ರತ್ಯೇಕ ನಂಬರ್ ಕೊಡುತ್ತದೆ, ಆದರೆ ಚಾಸಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಂಗ್ರಹಕಾರರದೂ ಅದೇ ರಾಗ. ಏನೂ ಮುಟ್ಟದೆ ಮೂಲೆಯಲ್ಲಿ ಬಿದ್ದಿದ್ದ ಗಾಡಿ ಲಕ್ಷಗಳಿಗೆ ಹೋಗುತ್ತದೆ. ಓಡಿಸಿ, ಬಿಚ್ಚಿ, ತಿದ್ದಿ ಉಳಿಸಿಕೊಂಡದ್ದಕ್ಕೆ ‘ಕೆಡಿಸಿದ್ದಾರೆ’ ಎಂಬ ಮಾತು. ನಿಯಮದ ಉದ್ದೇಶ ಅರ್ಥವಾಗುತ್ತದೆ, ಬೀದಿಯ ಬೆಸುಗೆಯೆಲ್ಲ ಭದ್ರವಲ್ಲ. ಆದರೂ ಈ ಬ್ರೇಕಿನ ವಿಷಯದಲ್ಲಿ ‘ಮೂಲ’ ಎಂದರೆ ಯಾವುದು? ಯಮಹಾ ಡಿಸ್ಕ್ ಇಟ್ಟಿದ್ದ ಜಾಗದಲ್ಲಿ ಎಸ್ಕಾರ್ಟ್ಸ್ ಡ್ರಮ್ ಇಟ್ಟಿತು; ಮಾಲೀಕ ಮತ್ತೆ ಡಿಸ್ಕ್ ಇಟ್ಟ. ಕಾಗದದ ಲೆಕ್ಕದಲ್ಲಿ ಮಾರ್ಪಾಡು ಮಾಡಿದವನು ಕೊನೆಯವನೊಬ್ಬನೇ.

ಮೊದಲ ರಾಜದೂತ್ 350ಗಳಿಗೆ 50 ತುಂಬುವುದು 2033ರಲ್ಲಿ. ಲೆಕ್ಕ ಬಲ್ಲವರು ಕಿತ್ತ ಡ್ರಮ್ಮನ್ನು ಗುಜರಿಗೆ ಹಾಕಿಲ್ಲ. ಗ್ರೀಸ್ ಬಳಿದು, ಗೋಣಿತಾಟಿನಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದಾರೆ.