ಪರದೆಯ ಮೇಲಿನ ಅಂಕಿ, ಪರದೆಯ ಹಿಂದಿನ ಲೆಕ್ಕ



ನಾನು ಇತಿಹಾಸಕಾರನಲ್ಲ, ಲೆಕ್ಕ ಪರಿಶೋಧಕ. ಕಂಪ್ಯೂಟರ್ ಕೊಟ್ಟ ಅಂಕಿಗಳನ್ನು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕಸುಬು. ಆ ಅಂಕಿಗಳು ನಮ್ಮ ಕಣ್ಣಿಗೆ ಬೀಳುವ ಬಗೆ ಕಾಲಕಾಲಕ್ಕೆ ಹೇಗೆ ಬದಲಾಯಿತು, ಅದರಿಂದ ಯಾರಿಗೆ ಏನಾಯಿತು ಎಂದು ಈ ಹೊತ್ತು ಹೇಳಬೇಕೆಂದಿದ್ದೇನೆ.

ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಚಾರ್ಲ್ಸ್ ಬ್ಯಾಬೇಜ್ ವಿನ್ಯಾಸದ ಡಿಫರೆನ್ಸ್ ಎಂಜಿನ್ ಇದೆ, ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ಕಾಲದ ಗಣಿತ ಕೋಷ್ಟಕಗಳಲ್ಲಿ ತಪ್ಪುಗಳು ಎಣಿಸುವಾಗ ಮಾತ್ರವಲ್ಲ, ನಕಲು ಮಾಡುವಾಗ ಮತ್ತು ಅಚ್ಚಿನ ಮೊಳೆ ಜೋಡಿಸುವಾಗಲೂ ಸೇರಿಕೊಳ್ಳುತ್ತಿದ್ದವು. ಅದಕ್ಕೇ ಬ್ಯಾಬೇಜ್ ಮುದ್ರಣವನ್ನೂ ಯಂತ್ರದ ಕೆಲಸವಾಗಿಯೇ ಇಟ್ಟರು. ಅವರ ಜೀವಿತಕಾಲದಲ್ಲಿ ಅದು ಕೈಗೂಡಲಿಲ್ಲ. ಮ್ಯೂಸಿಯಂನವರು ಎಣಿಸುವ ಭಾಗವನ್ನು 1991ರಲ್ಲಿ, ಮುದ್ರಿಸುವ ಭಾಗವನ್ನು 2002ರಲ್ಲಿ ಕಟ್ಟಿ ಮುಗಿಸಿದರು.

ಅಮೆರಿಕದ 1890ರ ಜನಗಣತಿಗೆ ಹರ್ಮನ್ ಹಾಲರಿತ್ ಮಾಡಿದ ಯಂತ್ರದಲ್ಲಿ ಮುದ್ರಣವಿರಲಿಲ್ಲ. ಗಡಿಯಾರದಂಥ 40 ಡಯಲ್‌ಗಳು, ಒಂದೊಂದೂ 9,999ರವರೆಗೆ ಎಣಿಸುತ್ತಿತ್ತು. ಗುಮಾಸ್ತರು ಮುಳ್ಳುಗಳನ್ನು ನೋಡಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಯಂತ್ರಕ್ಕೂ ಪುಸ್ತಕಕ್ಕೂ ನಡುವೆ ಒಬ್ಬ ಮನುಷ್ಯನಿದ್ದ. ತಪ್ಪಾದರೆ ಕೇಳಲು ಒಬ್ಬರಿದ್ದರು.

1959ರಲ್ಲಿ ಐಬಿಎಂ 1403 ಪ್ರಿಂಟರ್ ಬಂತು. ನಿಮಿಷಕ್ಕೆ 600 ಸಾಲು! ಆಡಿಟರಿಗೆ ಅದು ಒಳ್ಳೆಯ ಕಾಲ. ಇಡೀ ಲೆಡ್ಜರ್ ಕಾಗದದ ಮೇಲೆ ಬರುತ್ತಿತ್ತು, ಕೆಂಪು ಪೆನ್ಸಿಲಿನಲ್ಲಿ ಸಾಲು ಸಾಲಿಗೂ ಟಿಕ್ ಹಾಕಬಹುದಿತ್ತು. 1971ರಲ್ಲಿ ಐಬಿಎಂ 3270 ಸರಣಿಯ ಟರ್ಮಿನಲ್‌ಗಳು ಬಂದವು. ಅವುಗಳ ಹೆಸರಾಂತ ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಆ 80 ಕೂಡ ಹಳೆಯ ಪಂಚ್ ಕಾರ್ಡಿನ 80 ಕಂಬಸಾಲುಗಳ ನೆನಪು. ವೇಗ ಸಿಕ್ಕಿತು, ಆದರೆ ಲೆಡ್ಜರ್ ಕಿಟಕಿಯ ಹಿಂದೆ ಸರಿಯಿತು. ಕಾಣುವುದು ಅಷ್ಟೇ, ಉಳಿದದ್ದು ಒಳಗೆ.

ಇದು ನನಗೆ ಅರ್ಥವಾದದ್ದು ಶಿವಮೊಗ್ಗದಲ್ಲಿ, ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ. ಅಡಿಕೆ ಮಂಡಿಯ ಯಜಮಾನರೊಬ್ಬರಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಪಟ್ಟಿ ತೆಗೆದುಕೊಟ್ಟೆ. ಎಲ್ಲ ಇಂಗ್ಲಿಷಿನಲ್ಲಿ. ಒಂಬತ್ತು ಪಿನ್ನಿನ ಆ ಪ್ರಿಂಟರಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡೂ ಒಂದೇ ಓಟದಲ್ಲಿ ಹಿಡಿಸುತ್ತಿರಲಿಲ್ಲ. ಯಜಮಾನರು ಅಂಕಿಗಳ ಮೇಲೆ ಬೆರಳಾಡಿಸಿ, 'ತಮ್ಮಾ, ಮೂವತ್ಮೂರು ಮೂರು ಸಲ ಕೂಡಿದ್ರೆ ತೊಂಬತ್ತೊಂಬತ್ತು. ನಿನ್ ಮಿಷನ್ನು ನೂರು ಅಂತದಲ್ಲ?' ಅಂದರು. ಒಳಗೆ ಇದ್ದದ್ದು 33.40, ಪೈಸೆ ಕಾಣದಂತೆ ನಾನೇ ಮಾಡಿದ್ದೆ. ಮೊತ್ತ 100.20, ಅದು 100 ಎಂದು ಅಚ್ಚಾಗಿತ್ತು. ಯಂತ್ರ ತಪ್ಪಿರಲಿಲ್ಲ. ಆದರೆ ನಾನು ಅಲ್ಲಿಯವರೆಗೆ ಕೂಡಿ ನೋಡಿಯೇ ಇರಲಿಲ್ಲ. ನಮ್ಮ ಸರ್ ಪೈಸೆ ಸಮೇತ ಪಟ್ಟಿಯನ್ನು ಕನ್ನಡದಲ್ಲಿ ಕೈಬರಹದಲ್ಲಿ ಬರೆದುಕೊಡಲು ನನ್ನನ್ನೇ ಕೂರಿಸಿದರು.

ಅಲ್ಲಿ ಹೋದದ್ದು ನನ್ನ ಮರ್ಯಾದೆ ಮಾತ್ರ. ನಾವೀಗ ಬದುಕುತ್ತಿರುವ ಈ ಬ್ರಿಟನ್ನಿನಲ್ಲಿ ಜನರ ಮನೆಯೇ ಹೋಯಿತು. 1999ರಿಂದ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಬಂತು. ಪರದೆ 'ಕೊರತೆ' ಎಂದು ತೋರಿಸಿದರೆ ಸಬ್ ಪೋಸ್ಟ್‌ಮಾಸ್ಟರ್ ಕೈಯಿಂದ ತುಂಬಬೇಕಿತ್ತು. ಆ ಅಂಕಿ ಎಲ್ಲಿಂದ ಬಂತೆಂದು ಹಿಂದೆ ಹೋಗಿ ನೋಡಲು ಅವರಿಗೆ ದಾರಿ ತೀರಾ ಕಿರಿದಾಗಿತ್ತು. ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತೆಂದು ಸಾಬೀತು ಮಾಡಬೇಕೆಂಬ ಹಳೆಯ ನಿಯಮವೂ 2000ದಲ್ಲಿ ಇಂಗ್ಲೆಂಡಿನ ಕಾನೂನಿನಿಂದ ಹೋಯಿತು. 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಜೈಲಿಗೆ ಹೋದರು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು 2024ರಲ್ಲಿ ಬಂತು.

ಇದರಲ್ಲಿ ನನ್ನ ಕಸುಬಿನವರಿಗೂ ಪಾಠವಿದೆ. ಅಚ್ಚುಕಟ್ಟಾಗಿ ಕಂಡ ಅಂಕಿಯನ್ನು ನಾವು ಬೇಗ ನಂಬುತ್ತೇವೆ. ಕೈಬರಹದ ಕಿರ್ದಿಯಲ್ಲಿ ತಿದ್ದಿದ ಗುರುತಾದರೂ ಕಾಣುತ್ತಿತ್ತು. ಪರದೆಗೆ ಅಂಥ ಗುರುತು ತಾನಾಗಿ ಉಳಿಯುವುದಿಲ್ಲ, ಬೇಕೆಂದು ಇಡಿಸಬೇಕು.

ಇಲ್ಲಿ ಕೂತಿರುವವರಲ್ಲಿ ಅನೇಕರು ಆ ಪರದೆಗಳನ್ನು ಕಟ್ಟುವವರು. ಮೊತ್ತದ ಹಿಂದಿನ ಸಾಲುಗಳನ್ನು ನೋಡುವ ದಾರಿಯನ್ನು, ಯಾರು ಯಾವಾಗ ತಿದ್ದಿದರೆಂಬುದನ್ನು ಬಳಸುವವರ ಕೈಗೆ ಕೊಡಿ. ಉಳಿದ ನಾವು ನಮ್ಮ ಸಂಬಳದ ಚೀಟಿಯನ್ನು, ತೆರಿಗೆಯ ಲೆಕ್ಕವನ್ನು ಒಮ್ಮೆಯಾದರೂ ಕೈಯಲ್ಲಿ ಕೂಡಿ ನೋಡೋಣ. ತಾಳೆಯಾಗದಿದ್ದರೆ ಸಂಕೋಚಪಡದೆ ಕೇಳೋಣ. ಮಂಡಿಯ ಯಜಮಾನರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಆದರೂ ಕೇಳಿದರು.